ಫಿಲಿಸ್ ಶ್ಲಾಫ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಜಕೀಯದ ಮಾತು ಬಂದಾಗಲೆಲ್ಲ ನಾನು ಈ ಹೆಂಗಸಿನ ಕಥೆ ಎತ್ತುತ್ತೇನೆ. ಎತ್ತಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ, ಅವೇ ಪ್ರಶ್ನೆಗಳು ಮತ್ತೆ ಮತ್ತೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು, ಜಗಳ ಹುಟ್ಟಿಸುವವು ಆಮೇಲೆ. ಅವರ ನಿಲುವುಗಳಲ್ಲಿ ಬಹುಪಾಲು ನನಗೆ ಒಪ್ಪಿಗೆಯಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅವರ ಕೆಲಸದ ಅಚ್ಚುಕಟ್ಟು ಕಂಡಾಗ ತಲೆದೂಗದೆ ಇರಲು ಆಗಿಲ್ಲ.

## ಮೊದಲ ಪರಿಚಯ

ಯಾರೀಕೆ? ಚಿಕ್ಕದಾಗಿ ಹೇಳಿ ನೋಡೋಣ.

ಫಿಲಿಸ್ ಶ್ಲಾಫ್ಲಿ (1924–2016) ಅಮೆರಿಕದ ಕ್ಯಾಥೊಲಿಕ್ ಗೃಹಿಣಿ, ಆರು ಮಕ್ಕಳ ತಾಯಿ, ರಿಪಬ್ಲಿಕನ್ ಪಕ್ಷದ ಕಾರ್ಯಕರ್ತೆ, ಲೇಖಕಿ, ಕೊನೆಗೆ ವಕೀಲೆ. ಸಂವಿಧಾನಕ್ಕೆ ಮಹಿಳಾ ಸಮಾನತೆಯ ತಿದ್ದುಪಡಿಯೊಂದು ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಅದನ್ನು ಹತ್ತು ವರ್ಷ ಅಡ್ಡಗಟ್ಟಿ ನಿಲ್ಲಿಸಿದ ಚಳವಳಿಯ ನಾಯಕಿ. ಧರ್ಮನಿಷ್ಠ ಕ್ರೈಸ್ತ ಮತದಾರರು ಇವತ್ತು ರಿಪಬ್ಲಿಕನ್ ಪಕ್ಷದ ಬೆನ್ನೆಲುಬು ಅಂತ ನಾವು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ಬೆನ್ನೆಲುಬಿನ ಕೆಲವು ಮೂಳೆಗಳನ್ನು ಜೋಡಿಸಿದವರು ಇವರು.

ಆ ಹೆಸರನ್ನು ಹೇಗೆ ಹೇಳೋದು ಮಾರಾಯ್ರೆ?

ಶ್ಲಾಫ್-ಲಿ. ಸ್ವಿಟ್ಜರ್ಲೆಂಡ್ ಮೂಲದ ಮನೆತನದ ಹೆಸರು, ಗಂಡನ ಕಡೆಯದು. ತವರಿನ ಹೆಸರು ಸ್ಟೂವರ್ಟ್.

ಶ್ರೀಮಂತರ ಮನೆ ಮಗಳಿರಬೇಕು, ಅದಕ್ಕೇ ಹಾಗೆ ಮಾತಾಡ್ತಿದ್ದರು, ಅಲ್ವಾ?

ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ. ಮುತ್ತಿನ ಹಾರ, ಎತ್ತಿ ಕಟ್ಟಿದ ತುರುಬು, ಅಲುಗಾಡದ ನಗು ನೋಡಿದರೆ ಹಾಗೆ ಅನ್ನಿಸುವುದೂ ಸಹಜ. ಅವರು ಹುಟ್ಟಿದ್ದು 1924ರ ಆಗಸ್ಟ್ 15ರಂದು, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ತಂದೆ ಕೆಲಸ ಕಳೆದುಕೊಂಡರು. ಸಂಸಾರ ತೂಗಿಸಿದ್ದು ತಾಯಿ, ಗ್ರಂಥಪಾಲಕಿಯಾಗಿ ದುಡಿದು. ದುಡಿಯುವ ತಾಯಿಯ ಮಗಳೇ ಮುಂದೆ ಮನೆವಾಳ್ತೆ ಮಾಡುವ ಹೆಣ್ಣಿನ ವಕ್ತಾರೆಯಾದದ್ದು.

ಕಾಲೇಜಿನ ಖರ್ಚಿಗೆ ಯುದ್ಧಕಾಲದ ಮದ್ದುಗುಂಡು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದರು. ಕೆಲಸ ಏನು ಗೊತ್ತೆ? ತಯಾರಾದ ಗುಂಡುಗಳನ್ನು ಮಷಿನ್ ಗನ್ನಿಂದ ಹಾರಿಸಿ ಪರೀಕ್ಷೆ ಮಾಡುವುದು. ಹಗಲು ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಪಾಠ. 1944ರಲ್ಲಿ ಪದವಿ, ಮರುವರ್ಷ ರ‍್ಯಾಡ್‌ಕ್ಲಿಫ್‌ನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಅನುಕೂಲದ ದಿನಗಳು ಬಂದದ್ದು 1949ರಲ್ಲಿ, ಇಲಿನಾಯ್ ರಾಜ್ಯದ ಆಲ್ಟನ್ ಊರಿನ ವಕೀಲ ಫ್ರೆಡ್ ಶ್ಲಾಫ್ಲಿಯನ್ನು ಮದುವೆಯಾದ ಮೇಲೆ.

ಎಷ್ಟು ಚುನಾವಣೆ ಗೆದ್ದಿದ್ದರು?

ಒಂದೂ ಇಲ್ಲ. 1952ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅವರ ಸಂಸತ್ತಿಗೆ, ಸ್ಪರ್ಧಿಸಿ ಸೋತರು. 1970ರಲ್ಲಿ ಮತ್ತೆ ಸೋತರು. ಆದರೆ ನನ್ನ ಲೆಕ್ಕದಲ್ಲಿ ಅವರ ಬದುಕಿನ ಮುಖ್ಯವಾದ ಸೋಲು ಇವೆರಡೂ ಅಲ್ಲ. 1967ರಲ್ಲಿ ರಿಪಬ್ಲಿಕನ್ ಮಹಿಳೆಯರ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷಗಿರಿಗೆ ನಿಂತರು. ಸರದಿ ಪ್ರಕಾರ ಸಿಗಬೇಕಿತ್ತು, ಆಗಲೇ ಉಪಾಧ್ಯಕ್ಷೆಯಾಗಿದ್ದರು. ಪಕ್ಷದ ದೊಡ್ಡವರು ಇವರ ಬಿರುಸು ಕಂಡು ಹೆದರಿ ಗ್ಲ್ಯಾಡಿಸ್ ಒ'ಡಾನೆಲ್ ಎಂಬ ಬೇರೊಬ್ಬರನ್ನು ನಿಲ್ಲಿಸಿ ಗೆಲ್ಲಿಸಿದರು.

ಇವರು ಅಳುತ್ತ ಕೂರಲಿಲ್ಲ. ತಮಗೆ ಓಟು ಹಾಕಿದ್ದ ಹೆಂಗಸರ ವಿಳಾಸ ಇಟ್ಟುಕೊಂಡು ಅದೇ ವರ್ಷ ಒಂದು ಮಾಸಿಕ ಸುದ್ದಿಪತ್ರ ಶುರುಮಾಡಿದರು, ಹೆಸರು 'ಫಿಲಿಸ್ ಶ್ಲಾಫ್ಲಿ ರಿಪೋರ್ಟ್'. ಐದು ವರ್ಷದ ನಂತರ ನಡೆದ ದೊಡ್ಡ ಹೋರಾಟಕ್ಕೆ ಸೈನ್ಯ ಸಿಕ್ಕಿದ್ದು ಈ ವಿಳಾಸಪಟ್ಟಿಯಿಂದ.

ಅದಕ್ಕೂ ಮುಂಚೆ ಅವರನ್ನು ಯಾರಾದರೂ ಬಲ್ಲವರಿದ್ದರಾ?

ಇದ್ದರು, ಲಕ್ಷಗಟ್ಟಲೆ. 1964ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ 'ಎ ಚಾಯ್ಸ್ ನಾಟ್ ಆನ್ ಎಕೋ' ಅನ್ನುವ ಸಣ್ಣ ಪುಸ್ತಕ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನ್ಯೂಯಾರ್ಕಿನ ಕೆಲವೇ ಶ್ರೀಮಂತರು ತೆರೆಮರೆಯಲ್ಲಿ ಕೂತು ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸುತ್ತಾರೆ, ಕಾರ್ಯಕರ್ತರಿಗೆ ಬರೀ ಚಪ್ಪಾಳೆ ತಟ್ಟುವ ಕೆಲಸ ಅನ್ನುವುದು ಅದರ ದೂರು. ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ ಬರೆದದ್ದು. 30 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಗೋಲ್ಡ್‌ವಾಟರ್‌ಗೆ ಪಕ್ಷದ ಟಿಕೆಟ್ ಸಿಕ್ಕಿತು, ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಎದುರು ನೆಲಕಚ್ಚಿದರು. ಪುಸ್ತಕದ ಕೋಪ ಮಾತ್ರ ಉಳಿಯಿತು. 2016ರ ಟ್ರಂಪ್ ಭಾಷಣಗಳಲ್ಲೂ ಅದರ ದನಿ ಕೇಳುತ್ತದೆ.

## ಇಆರ್‌ಎ ಕಾಳಗ

ಇಆರ್‌ಎ ಇಆರ್‌ಎ ಅಂತೀರಲ್ಲ, ಏನದು?

ಈಕ್ವಲ್ ರೈಟ್ಸ್ ಅಮೆಂಡ್‌ಮೆಂಟ್, ಸಮಾನ ಹಕ್ಕುಗಳ ತಿದ್ದುಪಡಿ. ಇಂಗ್ಲಿಷಿನಲ್ಲಿ ಅದರ ಮುಖ್ಯ ವಾಕ್ಯ 24 ಪದಗಳದ್ದು. ಕಾನೂನಿನ ಅಡಿಯಲ್ಲಿ ಹಕ್ಕುಗಳ ಸಮಾನತೆಯನ್ನು ಲಿಂಗದ ಕಾರಣಕ್ಕೆ ಕೇಂದ್ರವಾಗಲಿ ಯಾವುದೇ ರಾಜ್ಯವಾಗಲಿ ನಿರಾಕರಿಸುವಂತಿಲ್ಲ, ಮೊಟಕು ಮಾಡುವಂತಿಲ್ಲ ಅಂತ ಅದರ ಸಾರ.

ಮತದಾನದ ಹಕ್ಕಿಗಾಗಿ ಹೋರಾಡಿದ್ದ ಆಲಿಸ್ ಪಾಲ್ 1923ರಲ್ಲೇ ಇದನ್ನು ಸಂಸತ್ತಿಗೆ ತಂದಿದ್ದರು. ಸುಮಾರು ಅರ್ಧ ಶತಮಾನ ಧೂಳು ಹಿಡಿದು, 1971ರ ಅಕ್ಟೋಬರಿನಲ್ಲಿ ಕೆಳಮನೆಯಲ್ಲಿ 354–24, 1972ರ ಮಾರ್ಚ್ 22ರಂದು ಸೆನೆಟ್‌ನಲ್ಲಿ 84–8 ಮತಗಳಿಂದ ಪಾಸಾಯಿತು. ಇನ್ನು 50 ರಾಜ್ಯಗಳಲ್ಲಿ 38 ಒಪ್ಪಿದರೆ ಸಂವಿಧಾನಕ್ಕೆ ಸೇರುತ್ತದೆ, ಗಡುವು ಏಳು ವರ್ಷ. ಹವಾಯಿ ಅದೇ ದಿನ ಒಪ್ಪಿತು. ಒಂದು ವರ್ಷದೊಳಗೆ 30 ರಾಜ್ಯ ಆಯಿತು. ಅಧ್ಯಕ್ಷ ನಿಕ್ಸನ್, ಆಮೇಲೆ ಫೋರ್ಡ್, ಆಮೇಲೆ ಕಾರ್ಟರ್ ಎಲ್ಲರೂ ಪರವಾಗಿಯೇ ಇದ್ದರು. ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆಯಲ್ಲಂತೂ 1940ರಿಂದ ಬೆಂಬಲ ಇತ್ತು.

ಹೆಣ್ಣಾಗಿದ್ದುಕೊಂಡು ಹೆಣ್ಣಿಗೆ ಸಮಾನ ಹಕ್ಕು ಬೇಡ ಅಂದರಾ? ಯಾಕೆ?

ಮೊದಲಿಗೆ ಅವರಿಗೆ ಇದರಲ್ಲಿ ಆಸಕ್ತಿಯೇ ಇರಲಿಲ್ಲ. 1971ರ ಕೊನೆಯಲ್ಲಿ ಕನೆಕ್ಟಿಕಟ್‌ನಲ್ಲಿ ಒಂದು ಚರ್ಚೆಗೆ ಕರೆದಾಗ, ರಕ್ಷಣಾ ನೀತಿಯ ಬಗ್ಗೆ ಮಾತಾಡುತ್ತೇನೆ ಅಂದಿದ್ದರಂತೆ. ಅಲ್ಲಿಯವರು ಇಆರ್‌ಎ ಬಗ್ಗೆಯೇ ಬೇಕು ಎಂದು ಹಿಡಿದ ಮೇಲೆ ಅದನ್ನು ಓದಲು ಕೂತದ್ದು. 1972ರ ಫೆಬ್ರವರಿಯ ಸುದ್ದಿಪತ್ರದಲ್ಲಿ ಮೊದಲ ಲೇಖನ ಬಂತು.

ವಾದ ಸ್ಥೂಲವಾಗಿ ಹೀಗೆ. ಅಮೆರಿಕದ ಹೆಣ್ಣಿಗೆ ಆಗಲೇ ಕೆಲವು ವಿಶೇಷ ಸವಲತ್ತುಗಳಿವೆ: ಗಂಡ ಆಕೆಯನ್ನು ಸಾಕಬೇಕು ಅನ್ನುತ್ತದೆ ಕಾನೂನು, ಸೈನ್ಯಕ್ಕೆ ಕಡ್ಡಾಯ ಭರ್ತಿಯಿಲ್ಲ, ವಿಧವೆಗೆ ಗಂಡನ ಲೆಕ್ಕದಿಂದ ಪಿಂಚಣಿ ಇದೆ. 'ಲಿಂಗಭೇದ ಕೂಡದು' ಎಂದು ಬರೆದುಬಿಟ್ಟರೆ ಇವೆಲ್ಲ ಬಿದ್ದುಹೋಗುತ್ತವೆ, ಬದಲಿಗೆ ಸಿಗುವುದು ಹೊರಗೆ ದುಡಿಯುವ ಹೆಣ್ಣಿಗೆ ಮಾತ್ರ, ಅದೂ ಬೇರೆ ಕಾನೂನುಗಳಲ್ಲಿ ಆಗಲೇ ಇರುವುದು. ಇದಕ್ಕೆ ಕ್ರಮೇಣ ಗರ್ಭಪಾತ, ಸಲಿಂಗ ವಿವಾಹ, ಗಂಡಸರು ಹೆಂಗಸರು ಒಂದೇ ಶೌಚಾಲಯ ಅನ್ನುವ ಹೆದರಿಕೆಗಳೂ ಸೇರಿದವು. ಚಳವಳಿಯ ಹೆಸರು 'ಸ್ಟಾಪ್ ಇಆರ್‌ಎ'. ಆ 'ಸ್ಟಾಪ್' ಎಂಬುದರಲ್ಲಿ 'ನಮ್ಮ ಸವಲತ್ತು ಕಸಿಯುವುದನ್ನು ನಿಲ್ಲಿಸಿ' ಎಂಬ ವಾಕ್ಯದ ಮೊದಲಕ್ಷರಗಳು ಅಡಗಿದ್ದವು.

ಆ ವಾದದಲ್ಲಿ ಹುರುಳಿತ್ತಾ?

ಸ್ವಲ್ಪ ಇತ್ತು, ಬಹಳಷ್ಟು ಇರಲಿಲ್ಲ. ಸೈನ್ಯದ ಮಾತು ನಿಜ. ಸೆನೆಟರ್ ಸ್ಯಾಮ್ ಇರ್ವಿನ್, ಮುಂದೆ ವಾಟರ್‌ಗೇಟ್ ಸಮಿತಿಯ ಅಧ್ಯಕ್ಷರಾಗಿ ಹೆಸರಾದವರು, ಹೆಂಗಸರಿಗೆ ಕಡ್ಡಾಯ ಭರ್ತಿಯಿಂದ ವಿನಾಯಿತಿ ಕೊಡೋಣ ಎಂದು ತಿದ್ದುಪಡಿ ಸೂಚಿಸಿದ್ದರು, ಸೆನೆಟ್ ತಳ್ಳಿಹಾಕಿತು. ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲ. ಹೆಣ್ಣುಮಕ್ಕಳ ತಾಯಂದಿರಿಗೆ ಈ ಒಂದು ಅಂಶ ಸಾಕಾಗಿತ್ತು.

ಗಂಡ ಸಾಕಬೇಕೆಂಬ ಕಾನೂನಿನ ಮಾತು ಮಾತ್ರ ಟೊಳ್ಳು. 1953ರಲ್ಲಿ ನೆಬ್ರಾಸ್ಕಾದ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ರೈತನ ಹೆಂಡತಿಯ ಮೊಕದ್ದಮೆ ಬಂತು. ಗಂಡ ಸ್ಥಿತಿವಂತ, ಆದರೆ ಮನೆಯಲ್ಲಿ ಬಚ್ಚಲಿಲ್ಲ, ಅಡುಗೆಮನೆಯಲ್ಲಿ ಸಿಂಕ್ ಕೂಡ ಇಲ್ಲ, ಕೈಗೆ ಕಾಸು ಕೊಡುವುದಿಲ್ಲ. ಇಬ್ಬರೂ ಒಂದೇ ಸೂರಿನಡಿ ಇರುವಷ್ಟು ಕಾಲ ಕೋರ್ಟು ತಲೆಹಾಕುವುದಿಲ್ಲ ಎಂದು ತೀರ್ಪಾಯಿತು. ಅಂದರೆ ಆ 'ಸವಲತ್ತು' ಮನೆ ಮುರಿದ ಮೇಲಷ್ಟೇ ಬಾಯಿ ತೆರೆಯುವಂಥದ್ದು. ಶ್ಲಾಫ್ಲಿ ಲೇಖನಗಳಲ್ಲಿ ಕಾಣುವ ಸುರಕ್ಷಿತ ಗೃಹಿಣಿಗೂ ಬಚ್ಚಲಿಲ್ಲದ ಈ ಹೆಂಗಸಿಗೂ ಬಹಳ ದೂರ.

30 ರಾಜ್ಯ ಒಪ್ಪಿದ ಮೇಲೂ ಸೋತಿದ್ದು ಹೇಗೆ? ನಂಬೋಕೇ ಆಗಲ್ಲ.

ಲೆಕ್ಕ ನೋಡಿ. ಪರವಾಗಿದ್ದವರು 38 ರಾಜ್ಯ ಗೆಲ್ಲಬೇಕು. ತಡೆಯುವವರಿಗೆ 13 ಸಾಕು. ಶ್ಲಾಫ್ಲಿ ಇಡೀ ದೇಶದ ಮನಸ್ಸು ಬದಲಿಸಲು ಹೋಗಲೇ ಇಲ್ಲ. ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಕೊನೆಯವರೆಗೂ ಬಹುಮತ ಇಆರ್‌ಎ ಪರವೇ ಇತ್ತು. ಅವರು ಕಣ್ಣಿಟ್ಟಿದ್ದು ಇಲಿನಾಯ್, ಫ್ಲಾರಿಡಾ, ನಾರ್ತ್ ಕೆರೊಲಿನಾ, ಒಕ್ಲಹೋಮಾದಂಥ ಕೆಲವೇ ರಾಜ್ಯಗಳ ಶಾಸನಸಭೆಗಳ ಮೇಲೆ, ಅಲ್ಲೂ ಆಚೀಚೆ ವಾಲಬಹುದಾದ ಕೆಲವೇ ಶಾಸಕರ ಮೇಲೆ.

ಕೆಲಸ ನಡೆದದ್ದು ಚರ್ಚುಗಳಲ್ಲಿ ಮತ್ತು ಫೋನಿನಲ್ಲಿ. ಒಬ್ಬಾಕೆ ಐದು ಜನಕ್ಕೆ ಫೋನ್ ಮಾಡಬೇಕು, ಆ ಐವರು ತಲಾ ಐದು ಜನಕ್ಕೆ. ಬೆಳಗ್ಗೆ ಆಲ್ಟನ್‌ನಲ್ಲಿ ಹೊರಟ ಮಾತು ಸಂಜೆಯೊಳಗೆ ರಾಜ್ಯದ ಮೂಲೆ ಮುಟ್ಟುತ್ತಿತ್ತು. ಜೀವನದಲ್ಲಿ ಶಾಸನಸಭೆಯ ಮೆಟ್ಟಿಲು ಹತ್ತದಿದ್ದ ಹೆಂಗಸರನ್ನು ಕೂರಿಸಿಕೊಂಡು ತರಬೇತಿ ಕೊಟ್ಟರು: ಶಾಸಕರ ಮುಂದೆ ಏನು ಹೇಳಬೇಕು, ಎಷ್ಟು ಹೊತ್ತು ಹೇಳಬೇಕು, ಟಿವಿ ಕ್ಯಾಮೆರಾ ಮುಂದೆ ಯಾವ ಬಣ್ಣದ ಉಡುಪು ಚೆಂದ, ಸಿಟ್ಟು ಬಂದರೂ ನಗುವುದು ಹೇಗೆ. ಸುದ್ದಿಪತ್ರದಲ್ಲಿ ವಾದಗಳು ಸಿದ್ಧವಾಗಿ ಬರುತ್ತಿದ್ದವು, ಹಾಗೇ ಎತ್ತಿ ಪತ್ರ ಬರೆಯಬಹುದಿತ್ತು. 1975ರಲ್ಲಿ ಇದಕ್ಕೆಲ್ಲ ಶಾಶ್ವತ ಮನೆಯಾಗಿ 'ಈಗಲ್ ಫೋರಂ' ಕಟ್ಟಿದರು.

1977ರ ಜನವರಿಯಲ್ಲಿ ಇಂಡಿಯಾನಾ 35ನೆಯದಾಗಿ ಒಪ್ಪಿತು. ಬಂಡಿ ಅಲ್ಲಿಗೆ ನಿಂತಿತು. ಈ ನಡುವೆ ನೆಬ್ರಾಸ್ಕಾ, ಟೆನೆಸಿ, ಐಡಾಹೋ, ಕೆಂಟಕಿ, ಸೌತ್ ಡಕೋಟಾ ಐದೂ ಒಂದೊಂದಾಗಿ ತಮ್ಮ ಒಪ್ಪಿಗೆ ವಾಪಸ್ ಪಡೆದವು. ಸಂಸತ್ತು ಗಡುವನ್ನು 1982ರ ಜೂನ್ 30ರವರೆಗೆ ಎಳೆಯಿತು, ಆದರೂ ಮತ್ತೊಂದು ರಾಜ್ಯ ಬರಲಿಲ್ಲ.

ಶಾಸಕರಿಗೆ ಬ್ರೆಡ್ಡು ಜಾಮು ಹಂಚಿದ್ದು ನಿಜವಾ, ಕಟ್ಟುಕಥೆಯಾ?

ನಿಜ. ಮನೆಯಲ್ಲೇ ಬೇಯಿಸಿದ ಬ್ರೆಡ್ಡು, ಕೈಯಾರೆ ಮಾಡಿದ ಜಾಮು, ಆ್ಯಪಲ್ ಪೈ. ಜೊತೆಗೆ ಒಂದು ಚೀಟಿ: ಅನ್ನ ದುಡಿಯುವವರಿಗೆ ಅನ್ನ ಮಾಡುವವರಿಂದ ಎಂಬರ್ಥದ ಮಾತು. ಶಾಸಕರಲ್ಲಿ ಬಹುತೇಕ ಗಂಡಸರೇ ಇದ್ದ ಕಾಲ, ಏನು ಕೆಲಸ ಮಾಡುತ್ತದೆಂದು ಆಕೆಗೆ ಗೊತ್ತಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. 1982ರಲ್ಲಿ, ಗಡುವು ಮುಗಿಯುವ ಮುಂಚಿನ ವಾರಗಳಲ್ಲಿ, ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಆರ್‌ಎ ಪರವಾಗಿ ಏಳು ಮಹಿಳೆಯರು 37 ದಿನ ಉಪವಾಸ ಕೂತರು. ಅವರಲ್ಲೊಬ್ಬರು ಸೋನಿಯಾ ಜಾನ್ಸನ್, ಇಆರ್‌ಎ ಬೆಂಬಲಿಸಿದ್ದಕ್ಕೆ ಮಾರ್ಮನ್ ಚರ್ಚಿನಿಂದ ಬಹಿಷ್ಕೃತರಾದವರು. ಒಂದೇ ಕಟ್ಟಡ, ಒಂದು ಕಡೆ ಬ್ರೆಡ್ಡು ಹಂಚಿದ ಹೆಂಗಸರು, ಇನ್ನೊಂದು ಕಡೆ ಅನ್ನ ಬಿಟ್ಟ ಹೆಂಗಸರು. ಉಪವಾಸದ ಭಾಷೆ ನಮ್ಮ ಕಡೆ ಅರ್ಥವಾದ ಹಾಗೆ ಇಲಿನಾಯ್ ಶಾಸಕರಿಗೆ ಅರ್ಥವಾಗಲಿಲ್ಲ.

ಎದುರಾಳಿಗಳು ಸುಮ್ಮನಿದ್ದರಾ?

ಇಲ್ಲ. ಆದರೆ ಸಿಟ್ಟಾದಷ್ಟೂ ಆಕೆಗೇ ಲಾಭ. ಭಾಷಣಕ್ಕೆ ನಿಂತ ಕೂಡಲೇ, ಇಲ್ಲಿಗೆ ಬರಲು ಬಿಟ್ಟ ನನ್ನ ಗಂಡ ಫ್ರೆಡ್‌ಗೆ ಧನ್ಯವಾದ ಅಂತ ಶುರು ಮಾಡುತ್ತಿದ್ದರು. ಸ್ತ್ರೀವಾದಿಗಳಿಗೆ ಮೈ ಉರಿಯುತ್ತದೆ ಅಂತಲೇ ಹೇಳುತ್ತೇನೆ ಎಂದು ಅವರೇ ಒಪ್ಪಿಕೊಂಡಿದ್ದರು. 1973ರಲ್ಲಿ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿಯ ಚರ್ಚೆಯಲ್ಲಿ ಸ್ತ್ರೀವಾದಿ ನಾಯಕಿ ಬೆಟ್ಟಿ ಫ್ರೀಡನ್ ತಾಳ್ಮೆ ಕಳೆದುಕೊಂಡು, ನಿನ್ನನ್ನು ಕಂಬಕ್ಕೆ ಕಟ್ಟಿ ಸುಡಬೇಕು ಅಂದುಬಿಟ್ಟರು. ಈಕೆ ತಣ್ಣಗೆ, ಹಾಗಂದದ್ದು ಒಳ್ಳೆಯದಾಯಿತು, ನಿಮ್ಮ ಕಡೆಯವರ ಸ್ವಭಾವ ಎಲ್ಲರಿಗೂ ಗೊತ್ತಾಯಿತು ಎಂಬರ್ಥದಲ್ಲಿ ಉತ್ತರ ಕೊಟ್ಟರು. 1977ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬಾತ ಅವರ ಮುಖಕ್ಕೇ ಆ್ಯಪಲ್ ಪೈ ಬಡಿದ. ಅದರ ಫೋಟೊ ಇವತ್ತಿಗೂ ಸಿಗುತ್ತದೆ.

ಹ್ಯೂಸ್ಟನ್‌ನಲ್ಲಿ ಏನಾಯಿತು?

1977ರ ನವೆಂಬರಿನಲ್ಲಿ ಸರ್ಕಾರದ ಹಣದಲ್ಲಿ ರಾಷ್ಟ್ರೀಯ ಮಹಿಳಾ ಸಮ್ಮೇಳನ ಅಲ್ಲಿ ನಡೆಯಿತು. ಮೂವರು ಅಧ್ಯಕ್ಷರ ಪತ್ನಿಯರು ವೇದಿಕೆ ಮೇಲೆ ಒಟ್ಟಿಗೆ ನಿಂತರು. ಸಮ್ಮೇಳನ ಇಆರ್‌ಎ ಜೊತೆಗೆ ಗರ್ಭಪಾತದ ಹಕ್ಕು, ಲೆಸ್ಬಿಯನ್ ಹಕ್ಕು ಎರಡನ್ನೂ ಬೆಂಬಲಿಸುವ ನಿರ್ಣಯ ಮಾಡಿತು. ಅದೇ ಊರಿನ ಇನ್ನೊಂದು ಸಭಾಂಗಣದಲ್ಲಿ ಶ್ಲಾಫ್ಲಿ ಕಡೆಯವರು ಸುಮಾರು 15,000 ಜನರನ್ನು ಸೇರಿಸಿದರು, ಬಹಳಷ್ಟು ಜನ ಚರ್ಚುಗಳಿಂದ ಬಸ್ಸು ಮಾಡಿಕೊಂಡು ಬಂದವರು. ಇಆರ್‌ಎ, ಗರ್ಭಪಾತ, ಸಲಿಂಗಕಾಮ ಮೂರೂ ಒಂದೇ ಗಂಟು ಅಂತ ಆಕೆ ವರ್ಷಗಟ್ಟಲೆ ಹೇಳುತ್ತಿದ್ದ ಮಾತಿಗೆ ಎದುರಾಳಿಗಳ ನಿರ್ಣಯವೇ ಮುದ್ರೆ ಒತ್ತಿದಂತೆ ಆಯಿತು.

ಹಾಗಾದರೆ ಇಆರ್‌ಎ ಸೋಲಿಸಿದ್ದು ಈಕೆ ಒಬ್ಬರೇ ಅನ್ನಿ.

ಅದು ಬೆಂಬಲಿಗರು ಕಟ್ಟಿದ ಹಾಡು. ತಿದ್ದುಪಡಿಗೆ ಹಳೆಯ ವಿರೋಧಿಗಳು ಎಡಗಡೆಯೂ ಇದ್ದರು. ಕಾರ್ಖಾನೆಯ ಹೆಂಗಸರಿಗೆ ಇದ್ದ ರಕ್ಷಣೆ ಹೋಗುತ್ತದೆಂದು ಎಲೀನರ್ ರೂಸ್‌ವೆಲ್ಟ್ ಕೂಡ ಬಹುಕಾಲ ಇದನ್ನು ಒಪ್ಪಿರಲಿಲ್ಲ. ಇಲಿನಾಯ್‌ನಲ್ಲಿ ಮತದಾನಕ್ಕೆ ಸರಳ ಬಹುಮತ ಸಾಲದೆ ಐದರಲ್ಲಿ ಮೂರು ಪಾಲು ಬೇಕು ಎಂಬ ನಿಯಮವಿತ್ತು, ಇಲ್ಲದಿದ್ದರೆ ಅಲ್ಲಿ ಪಾಸಾಗುತ್ತಿತ್ತು. ಗರ್ಭಪಾತ ಹೆಣ್ಣಿನ ಹಕ್ಕು ಎಂದ 1973ರ ಸುಪ್ರೀಂ ಕೋರ್ಟ್ ತೀರ್ಪು ಧಾರ್ಮಿಕರನ್ನು ಬಡಿದೆಬ್ಬಿಸಿತ್ತು. ಇನ್ನೊಂದು ಕಡೆ ಸುಪ್ರೀಂ ಕೋರ್ಟ್ 1971ರಿಂದಲೇ, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಸಂವಿಧಾನದ ಹಳೆಯ 14ನೇ ತಿದ್ದುಪಡಿಯನ್ನೇ ಬಳಸಿ ಲಿಂಗಭೇದದ ಕಾನೂನುಗಳನ್ನು ಹೊಡೆದುಹಾಕತೊಡಗಿತ್ತು, ಹೀಗಾಗಿ ಇಆರ್‌ಎ ತುರ್ತು ಕಡಿಮೆಯಾಯಿತು. ಇಷ್ಟೆಲ್ಲ ಇದ್ದೂ, ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸುವವರು ಬೇಕಿತ್ತು.

## ನಂಬಿಕೆ, ನಿಲುವು, ಮನೆ

ಕ್ಯಾಥೊಲಿಕ್ ಹೆಂಗಸಿನ ಹಿಂದೆ ಪ್ರಾಟೆಸ್ಟೆಂಟ್ ಪಂಗಡದ ಬ್ಯಾಪ್ಟಿಸ್ಟರು ಹೇಗೆ ಹೋದರು?

ಒಳ್ಳೆಯ ಪ್ರಶ್ನೆ. 1960ರಲ್ಲಿ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಕ್ಯಾಥೊಲಿಕ್ ಎಂಬ ಕಾರಣಕ್ಕೇ ದಕ್ಷಿಣದ ಪ್ರಾಟೆಸ್ಟೆಂಟ್ ಪಾದ್ರಿಗಳು ಅನುಮಾನಪಟ್ಟಿದ್ದರು. ಹದಿನೈದು ವರ್ಷ ಕಳೆಯುವುದರೊಳಗೆ ಶ್ಲಾಫ್ಲಿ ಸಭೆಗಳಲ್ಲಿ ಕ್ಯಾಥೊಲಿಕರು, ಬ್ಯಾಪ್ಟಿಸ್ಟರು, ಮಾರ್ಮನ್ನರು, ಸಂಪ್ರದಾಯಸ್ಥ ಯಹೂದಿಗಳು ಒಂದೇ ಸಾಲಿನಲ್ಲಿ ಕೂತರು. ದೇವರಶಾಸ್ತ್ರದ ತಕರಾರು ಮನೆಯಲ್ಲಿಟ್ಟು ಬನ್ನಿ, ಇಲ್ಲಿ ಕುಟುಂಬ ಉಳಿಸುವ ಕೆಲಸ ಅಷ್ಟೆ ಅನ್ನುವ ಧೋರಣೆ. ಜೆರಿ ಫಾಲ್‌ವೆಲ್ 'ಮಾರಲ್ ಮೆಜಾರಿಟಿ' ಎಂಬ ಧಾರ್ಮಿಕರ ರಾಜಕೀಯ ಸಂಘಟನೆ ಕಟ್ಟಿದ್ದು 1979ರಲ್ಲಿ. ಅಷ್ಟರಲ್ಲಿ ಈ ಹೆಂಗಸರು ಏಳು ವರ್ಷ ಪಳಗಿದ್ದರು. ಪಾದ್ರಿಗಳ ಹೆಸರು ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿದೆ, ಬಸ್ಸು ಹೊರಡಿಸಿದವರದು ಇಲ್ಲ.

ಹೆಣ್ಣಿನ ವಿಷಯ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲವಾ?

ಅವರನ್ನೇ ಕೇಳಿದ್ದರೆ, ನನ್ನ ನಿಜವಾದ ವಿಷಯ ಅಣ್ವಸ್ತ್ರ ಅನ್ನುತ್ತಿದ್ದರು. ನಿವೃತ್ತ ನೌಕಾಪಡೆ ಅಧಿಕಾರಿ ಚೆಸ್ಟರ್ ವಾರ್ಡ್ ಜೊತೆ ಸೇರಿ ಸೋವಿಯತ್ ಬೆದರಿಕೆಯ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದರು. ವಿದೇಶಾಂಗ ಸಚಿವರಾಗಿದ್ದ ಹೆನ್ರಿ ಕಿಸಿಂಜರ್ ಬಗ್ಗೆಯೇ ಒಂದು ಇದೆ. ಕಮ್ಯುನಿಸಂ ವಿರೋಧ ಅವರಿಗೆ ಧರ್ಮದಷ್ಟೇ ಗಾಢ. ಮುಂದೆ ಮುಕ್ತ ವ್ಯಾಪಾರ ಒಪ್ಪಂದಗಳನ್ನೂ ವಲಸೆಯನ್ನೂ ವಿರೋಧಿಸಿದರು. ತಮ್ಮ ಮಕ್ಕಳಿಗೆ ಓದು ಬರಹ ಕಲಿಸಿದ್ದು ಮನೆಯಲ್ಲೇ, ಅಕ್ಷರ-ಧ್ವನಿ ಪದ್ಧತಿಯಲ್ಲಿ. ಆ ಪದ್ಧತಿಯ ಪರವಾಗಿಯೂ ಬಹಳ ವರ್ಷ ಬರೆದರು. ಈ ಕೊನೆಯ ವಿಷಯದಲ್ಲಿ ನಾನು ಅವರ ಪಕ್ಷ.

ಮನೆಯಲ್ಲಿರಿ ಅಂತ ಹೇಳಿ ತಾನು ಊರೂರು ಸುತ್ತಿದ್ದು ಬೂಟಾಟಿಕೆಯಲ್ಲವಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಹೌದು ಅನ್ನಿಸುತ್ತದೆ: ಭಾಷಣ, ಅಂಕಣ, ರೇಡಿಯೊ, ಐವತ್ತು ಸಮೀಪಿಸುವ ಹೊತ್ತಿಗೆ ರಾಷ್ಟ್ರವ್ಯಾಪಿ ಸಂಘಟನೆ, ಲಾಯರ್ ಅಲ್ಲದವಳಿಗೇನು ಗೊತ್ತು ಅಂತ ಜನ ಮೂದಲಿಸುತ್ತಿದ್ದಾಗ ಕಾನೂನು ಕಾಲೇಜು ಸೇರಿ 1978ರಲ್ಲಿ ಪದವಿ. ಮನೆಗೆಲಸಕ್ಕೆ ಸಹಾಯಕರಿದ್ದರು, ಗಂಡನ ಸಂಪಾದನೆ ಇತ್ತು. ಈ ಅನುಕೂಲ ಅವರ ಸುದ್ದಿಪತ್ರ ಓದುವ ಹೆಂಗಸರಿಗೆ ಇರಲಿಲ್ಲ.

ಅವರ ಉತ್ತರ: ನಾನು ಯಾರಿಗೂ ಮನೆಯಲ್ಲೇ ಇರಿ ಅಂದಿಲ್ಲ, ಇರಲು ಇಷ್ಟಪಡುವವಳಿಗೆ ಇರಲು ಬಿಡಿ ಅಂದೆ. ಅದನ್ನು ಒಪ್ಪಿದರೂ ಒಂದು ಗಂಟು ಬಿಚ್ಚುವುದಿಲ್ಲ. ಇಷ್ಟು ಬುದ್ಧಿಯ ಗಂಡಸು ಆ ಪಕ್ಷದಲ್ಲಿ ಇದ್ದಿದ್ದರೆ ಸೆನೆಟರ್ ಆಗುತ್ತಿದ್ದ. 1980ರಲ್ಲಿ ಪಕ್ಷದ ಪ್ರಣಾಳಿಕೆಯಿಂದ ಇಆರ್‌ಎ ಬೆಂಬಲ ಕಿತ್ತುಹಾಕಲು ದುಡಿದು, ರೇಗನ್ ಗೆಲುವಿಗೆ ಹೆಂಗಸರನ್ನು ಕರೆತಂದ ಮೇಲೂ ರೇಗನ್ ಸರ್ಕಾರದಲ್ಲಿ ಅವರಿಗೆ ದೊಡ್ಡ ಹುದ್ದೆ ಸಿಗಲಿಲ್ಲ. ಸಂವಿಧಾನದ ದ್ವಿಶತಮಾನೋತ್ಸವ ಆಯೋಗದಲ್ಲಿ ಸದಸ್ಯತ್ವ ಸಿಕ್ಕಿತು, ಅಷ್ಟೆ. ಲಿಂಗಭೇದ ಅಂತ ಆಕೆ ದೂರಲಿಲ್ಲ, ದೂರುವ ಹಾಗೂ ಇರಲಿಲ್ಲ.

ಗಂಡನ ಅತ್ಯಾಚಾರ ಅನ್ನೋದೇ ಇಲ್ಲ ಅಂದಿದ್ದರಂತೆ?

2007ರಲ್ಲಿ ಮೇನ್ ರಾಜ್ಯದ ಬೇಟ್ಸ್ ಕಾಲೇಜಿನಲ್ಲಿ ಮಾತಾಡುತ್ತ, ಮದುವೆಯಾದಾಗಲೇ ಹೆಣ್ಣು ಒಪ್ಪಿಗೆ ಕೊಟ್ಟಂತೆ, ಅದನ್ನು ಅತ್ಯಾಚಾರ ಅನ್ನಲಾಗದು ಎಂದರು. 1981ರಲ್ಲಿ ಸೆನೆಟ್ ಸಮಿತಿಯ ಮುಂದೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ಶೀಲವಂತೆಗೆ ತೀರಾ ಅಪರೂಪಕ್ಕೆ ಬಿಟ್ಟರೆ ಸಮಸ್ಯೆಯೇ ಅಲ್ಲ ಅನ್ನುವ ಹೇಳಿಕೆ ಕೊಟ್ಟಿದ್ದರು. 2008ರಲ್ಲಿ ಅವರು ಓದಿದ ವಾಷಿಂಗ್ಟನ್ ಯೂನಿವರ್ಸಿಟಿಯೇ ಗೌರವ ಡಾಕ್ಟರೇಟ್ ಕೊಟ್ಟಾಗ ವಿದ್ಯಾರ್ಥಿಗಳೂ ಅಧ್ಯಾಪಕರೂ ಎದ್ದುನಿಂತು ಬೆನ್ನು ತಿರುಗಿಸಿದರು.

ಅಯ್ಯೋ ಅಮೆರಿಕದಲ್ಲಿ ಹೀಗೂ ಉಂಟೇ ಅಂತ ನಾವು ಮೂಗಿನ ಮೇಲೆ ಬೆರಳಿಡುವ ಹಾಗಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಗಂಡನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪ ರದ್ದುಮಾಡಲು ಒಪ್ಪದೆ, ಗಂಡ ಎಂಬ ಕಾರಣಕ್ಕೆ ಕ್ರೌರ್ಯಕ್ಕೆ ಪರವಾನಗಿ ಸಿಗದು ಎಂಬ ನಿಲುವು ತಳೆಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗಿರುವ ಹಳೆಯ ವಿನಾಯಿತಿ ಉಳಿದುಕೊಂಡಿದೆ. ಶ್ಲಾಫ್ಲಿ ಬೇಟ್ಸ್‌ನಲ್ಲಿ ಹೇಳಿದ್ದು ನಮ್ಮಲ್ಲಿ ಇನ್ನೂ ಕಾನೂನು.

ಮಗನ ವಿಷಯ?

ಹಿರಿಯ ಮಗ ಸಲಿಂಗಕಾಮಿ ಎಂದು 1992ರಲ್ಲಿ ಪತ್ರಿಕೆಯೊಂದು ಆತನ ಇಷ್ಟ ಕೇಳದೆ ಬಯಲು ಮಾಡಿತು. ಆತ ನಿಜವೆಂದು ಒಪ್ಪಿಕೊಂಡು, ತಾಯಿಯ ಜೊತೆಗೇ ಇದ್ದು, ತಾಯಿಯ ಕೆಲಸವನ್ನೇ ಮುಂದುವರಿಸಿದರು. ತಾಯಿ ಮಗನನ್ನು ಬಿಡಲಿಲ್ಲ, ನಿಲುವನ್ನೂ ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಕೆದಕುವುದು ನನಗೆ ಸರಿ ಕಾಣದು.

## ಇನ್ನೂ ಆಳಕ್ಕೆ

ಟ್ರಂಪ್‌ಗೂ ಇವರಿಗೂ ಏನು ಸಂಬಂಧ? ಆತ ಅಷ್ಟೇನೂ ದೈವಭಕ್ತ ಅಲ್ಲವಲ್ಲ.

2016ರ ಮಾರ್ಚ್‌ನಲ್ಲಿ, 91ರ ವಯಸ್ಸಿನಲ್ಲಿ, ಸೇಂಟ್ ಲೂಯಿಸ್‌ನ ಸಭೆಯಲ್ಲಿ ಬಹಿರಂಗವಾಗಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಮೂರು ಮದುವೆ, ಕ್ಯಾಸಿನೊ ಇವು ಅಡ್ಡಬರಲಿಲ್ಲ. ವಲಸೆ, ವ್ಯಾಪಾರ, ಪಕ್ಷದ ದೊಡ್ಡವರ ಮೇಲಿನ ಸಿಟ್ಟು ಮೂರರಲ್ಲೂ ತಮ್ಮ 1964ರ ಪುಸ್ತಕವೇ ಎದ್ದು ಬಂದಂತೆ ಅವರಿಗೆ ಕಂಡಿರಬೇಕು. ಈಗಲ್ ಫೋರಂ ಇಬ್ಭಾಗವಾಯಿತು. ಪಕ್ಷದ ಟಿಕೆಟ್ಟಿಗೆ ಟ್ರಂಪ್ ಎದುರಾಳಿಯಾಗಿದ್ದ ಟೆಡ್ ಕ್ರೂಸ್ ಪರವಿದ್ದವರು ಮಂಡಳಿಯಲ್ಲಿ ಬಹಳ ಜನ, ಅವರಲ್ಲಿ ಸ್ವಂತ ಮಗಳೂ ಒಬ್ಬರು. ಜಗಳ ಕೋರ್ಟು ಹತ್ತಿತು. ಅದೇ ವರ್ಷದ ಸೆಪ್ಟೆಂಬರ್ 5ರಂದು ಶ್ಲಾಫ್ಲಿ ತೀರಿಕೊಂಡರು. ಟ್ರಂಪ್ ಪರ ಬರೆದ ಅವರ ಕೊನೆಯ ಪುಸ್ತಕ ಮಾರನೇ ದಿನ ಬಿಡುಗಡೆಯಾಯಿತು, ಸೇಂಟ್ ಲೂಯಿಸ್‌ನ ಕೆಥೆಡ್ರಲ್‌ನಲ್ಲಿ ನಡೆದ ಅಂತ್ಯಸಂಸ್ಕಾರದಲ್ಲಿ ಟ್ರಂಪ್ ಮಾತಾಡಿದರು.

ಇಆರ್‌ಎ ಈಗ ಸತ್ತಿದೆಯಾ, ಬದುಕಿದೆಯಾ?

ಎರಡೂ ಅಲ್ಲದ ಸ್ಥಿತಿ. 2017ರಲ್ಲಿ ನೆವಾಡಾ, 2018ರಲ್ಲಿ ಶ್ಲಾಫ್ಲಿಯವರದೇ ಇಲಿನಾಯ್, 2020ರ ಜನವರಿಯಲ್ಲಿ ವರ್ಜೀನಿಯಾ ಒಪ್ಪಿದವು. ತಲೆ ಎಣಿಸಿದರೆ 38. ಆದರೆ ಗಡುವು ಮುಗಿದು ಎಷ್ಟೋ ವರ್ಷ, ವಾಪಸ್ ಪಡೆದ ಐದರ ಕಥೆ ಬೇರೆ. 2025ರ ಜನವರಿಯಲ್ಲಿ ಬೈಡನ್ ಹುದ್ದೆ ಬಿಡುವ ಮುನ್ನ ಇದು ಸಂವಿಧಾನದ ಭಾಗವೆಂದೇ ನನ್ನ ನಂಬಿಕೆ ಎಂದರು. ಅಧಿಕೃತವಾಗಿ ಪ್ರಕಟಿಸಬೇಕಾದ ರಾಷ್ಟ್ರೀಯ ಪತ್ರಾಗಾರ ಪ್ರಕಟಿಸಲಿಲ್ಲ.

ನಮ್ಮ ಸಂವಿಧಾನದಲ್ಲಿ ಇದು ಮೊದಲಿನಿಂದಲೂ ಇದೆಯಲ್ಲ, ಅಮೆರಿಕದವರಿಗೇಕೆ ಇಷ್ಟು ಕಷ್ಟ?

ಇದೆ, ಅದೂ ಒಂದು ಜಾಣ ಬಾಲದ ಜೊತೆ. 15ನೇ ವಿಧಿ ಲಿಂಗದ ಆಧಾರದ ತಾರತಮ್ಯ ನಿಷೇಧಿಸುತ್ತದೆ. ಅದರ ಮೂರನೇ ಉಪವಿಧಿ, ಹೆಂಗಸರಿಗೂ ಮಕ್ಕಳಿಗೂ ಸರ್ಕಾರ ವಿಶೇಷ ಏರ್ಪಾಡು ಮಾಡಲು ಇದು ಅಡ್ಡಿಯಲ್ಲ ಎನ್ನುತ್ತದೆ. ಸಮಾನತೆ ಬಂದರೆ ರಕ್ಷಣೆ ಹೋಗುತ್ತದೆ ಎಂಬ ಶ್ಲಾಫ್ಲಿ ವಾದದ ಮುಖ್ಯ ಕೊಂಡಿ ಇಲ್ಲಿ ಕಳಚಿಬೀಳುತ್ತದೆ.

ಸ್ವಾರಸ್ಯವೆಂದರೆ, ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿಯಲ್ಲೇ ಅಮೆರಿಕದ ಸೆನೆಟ್ ಕೂಡ ಇಆರ್‌ಎಯನ್ನು ಇಂಥದೇ ಬಾಲ ಕಟ್ಟಿ ಪಾಸ್ ಮಾಡಿತ್ತು. ಹೆಂಗಸರಿಗಿರುವ ವಿಶೇಷ ಹಕ್ಕುಗಳಿಗೆ ಧಕ್ಕೆಯಿಲ್ಲ ಎಂಬ ಆ ವಾಕ್ಯ ಸೇರಿಸಿದ್ದು ಅರಿಜೋನಾದ ಕಾರ್ಲ್ ಹೇಡನ್. ಅದು ತಿದ್ದುಪಡಿಯನ್ನೇ ಟೊಳ್ಳು ಮಾಡುತ್ತದೆಂದು ಆಲಿಸ್ ಪಾಲ್ ಕಡೆಯವರು ಒಪ್ಪಲಿಲ್ಲ. ರಕ್ಷಣೆಯ ಹೆಸರಿನಲ್ಲಿ ಹೆಣ್ಣನ್ನು ಕೆಲಸದಿಂದ ದೂರ ಇಟ್ಟ ಕಾನೂನುಗಳನ್ನು ಅವರು ಸಾಕಷ್ಟು ಕಂಡಿದ್ದರು, ಹೆದರಿಕೆಗೆ ಕಾರಣವಿತ್ತು. ಆ ಬಾಲ ಉಳಿದಿದ್ದರೆ 1972ರಲ್ಲಿ ಆಲ್ಟನ್‌ನ ಗೃಹಿಣಿಗೆ ಬರೆಯಲು ಏನು ಉಳಿಯುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ಟಿವಿ ಸರಣಿ ನೋಡಿದೆ. ಅದನ್ನು ನಂಬಬಹುದಾ?

2020ರ 'ಮಿಸೆಸ್ ಅಮೆರಿಕಾ'ದಲ್ಲಿ ಕೇಟ್ ಬ್ಲಾಂಚೆಟ್ ಮಾಡಿದ್ದು ಇವರ ಪಾತ್ರವನ್ನೇ. ಘಟನೆಗಳ ಸಾಲು ಹೆಚ್ಚುಕಡಿಮೆ ಸರಿಯಿದೆ. ಮನೆಯೊಳಗಿನ ಮಾತುಕತೆ ಕಲ್ಪನೆ. ಆಲಿಸ್ ಎಂಬ ಗೆಳತಿಯ ಪಾತ್ರವಂತೂ ಪೂರ್ತಿ ಸೃಷ್ಟಿ, ಅಂಥವರು ಯಾರೂ ಇರಲಿಲ್ಲ.

ಓದೋದಾದರೆ ಎಲ್ಲಿಂದ ಶುರು ಮಾಡಲಿ?

ಅವರ 1972ರ ಫೆಬ್ರವರಿ ಸುದ್ದಿಪತ್ರದಿಂದ. ಕೆಲವೇ ಪುಟ, ಕಾಫಿ ಆರುವುದರೊಳಗೆ ಮುಗಿಯುತ್ತದೆ. ಓದುವಾಗ ಆ 24 ಪದದ ತಿದ್ದುಪಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಪ್ಯಾರಾದಲ್ಲೂ ನಿಲ್ಲಿಸಿ, ಈಕೆ ಹೇಳುತ್ತಿರುವುದು ಆ 24 ಪದಗಳಲ್ಲಿ ಎಲ್ಲಿದೆ ಎಂದು ಹುಡುಕಿ. ಕೆಲವು ಕಡೆ ಸಿಗುತ್ತದೆ.